ವಸಂತಕಾಲದ ಹಿಮಗಿರಿಯೂ ಅದರ ಏಣುದಾರಿಯೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಕಾಲೇಜುಗಳಲ್ಲಿಯೂ ಉದ್ಯೋಗಗಳಲ್ಲಿಯೂ ಇದ್ದಾರೆ. ಬೇಸಗೆಯ ರಜೆ ಬಂದಿತೆಂದರೆ, ಅವರಲ್ಲಿ ಕೆಲವರು ಬೆನ್ನಿಗೆ ಚೀಲವನ್ನು ಹೊತ್ತು ಹಿಮಾಲಯದ ಕಡೆಗೆ ಹೊರಡುವ ವಾಡಿಕೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲಿದೆ. ಹಿಂದೆ ಕಾಶೀಯಾತ್ರೆ, ಬದರಿಯಾತ್ರೆಗಳಿಗೆ ವೃದ್ಧರು ಹೋಗುತ್ತಿದ್ದ ದಿಕ್ಕಿಗೆ ಈಗ ಹದಿಹರೆಯದ ಹೆಣ್ಣುಮಕ್ಕಳು ಹಿಮವನ್ನು ತುಳಿದು ಬರಲೆಂದು ಹೋಗುತ್ತಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಅವರ ತಾಯಿತಂದೆಗಳು, "ಹುಡುಗಿಯನ್ನು ಕಳುಹಿಸಬಹುದೇ? ಬೇಡವೆನ್ನಬೇಕೇ?" ಎಂದು ನಮ್ಮನ್ನು ಕೇಳುವುದುಂಟು. ಹೌದೆಂದಾಗಲಿ ಅಲ್ಲವೆಂದಾಗಲಿ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ನ್ಯಾಯವಲ್ಲ. ಬೇಡವೆಂದು ತಡೆದ ಮಾತ್ರಕ್ಕೆ ಅಪಾಯವು ತಿಳಿದಂತಾಗುವುದಿಲ್ಲ. ಆಗಲಿ ಎಂದು ಬಿಟ್ಟ ಮಾತ್ರಕ್ಕೆ ಧೈರ್ಯವು ಬಂದಂತಾಗುವುದಿಲ್ಲ. ಆದಕಾರಣ, ವಸಂತಕಾಲದಲ್ಲಿ ಹಿಮದ ಬೆಟ್ಟವು ಹೇಗಿರುತ್ತದೆ, ಅದರ ಗುಣವೇನು, ಅದು ಯಾವ ಹೊತ್ತಿನಲ್ಲಿ ದಾರಿ ಕೊಡುತ್ತದೆ, ಯಾವ ಹೊತ್ತಿನಲ್ಲಿ ಕೊಡುವುದಿಲ್ಲ ಎಂಬುದನ್ನು ಈ ಸಂಚಿಕೆಯ ಮೂಲಕ ವಿವರಿಸುವುದು ಉಪಯುಕ್ತವೆಂದು ಭಾವಿಸಿದ್ದೇವೆ.

ಮೊದಲು ನಮ್ಮ ನಾಡಿನ ಬೆಟ್ಟಗಳನ್ನೇ ನೆನೆಯೋಣ. ಮೈಸೂರಿನವರಿಗೆ ಬೆಟ್ಟವೆಂದರೆ ಚಾಮುಂಡಿಬೆಟ್ಟ. ಸಾವಿರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳನ್ನು ಹತ್ತಿ ನಿಂತರೆ, ಊರಿನ ನೆಲದಿಂದ ಸುಮಾರು 300 ಮೀಟರ್ ಮೇಲಕ್ಕೆ ಬಂದಿರುತ್ತೇವೆ. ಸಮುದ್ರಮಟ್ಟದಿಂದ ಲೆಕ್ಕ ಹಾಕಿದರೆ ಅದು 1,060 ಮೀಟರಿನಷ್ಟು ಎತ್ತರ. ಇನ್ನೂ ಉತ್ಸಾಹವುಳ್ಳವರು ಸುಬ್ರಹ್ಮಣ್ಯದ ಬಳಿಯ ಕುಮಾರಪರ್ವತವನ್ನು ಹತ್ತುತ್ತಾರೆ. ಅದು 1,712 ಮೀಟರ್. ಕರ್ಣಾಟಕದಲ್ಲಿ ಎಲ್ಲಕ್ಕಿಂತ ಎತ್ತರವಾದ ಮುಳ್ಳಯ್ಯನಗಿರಿಯಾದರೋ ಸುಮಾರು 1,930 ಮೀಟರ್. ಈ ಬೆಟ್ಟಗಳು ಕಾಲಿಗೆ ಬಲವನ್ನೂ ಉಸಿರಿಗೆ ಶಿಸ್ತನ್ನೂ ಕಲಿಸುತ್ತವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಎತ್ತರದಿಂದುಂಟಾಗುವ ಕಾಯಿಲೆಯು ಸಾಮಾನ್ಯವಾಗಿ 2,500 ಮೀಟರಿನಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ನಮ್ಮ ನಾಡಿನ ಅತ್ಯುನ್ನತ ಶಿಖರವು ಆ ಗಡಿಯನ್ನು ಮುಟ್ಟುವುದೇ ಇಲ್ಲ. ಅಂದಮೇಲೆ, ನಮ್ಮ ಬೆಟ್ಟಗಳನ್ನೆಲ್ಲಾ ಹತ್ತಿ ಪಳಗಿದವಳೂ ಹಿಮಾಲಯದ ಈ ಎರಡು ಪಾಠಗಳಲ್ಲಿ, ಎಂದರೆ ತೆಳುವಾದ ಗಾಳಿ ಮತ್ತು ಹಿಮ ಇವುಗಳಲ್ಲಿ, ಮೊದಲನೆಯ ತರಗತಿಯ ಮಗುವೇ ಆಗಿರುತ್ತಾಳೆ. ಇದನ್ನು ಒಪ್ಪಿಕೊಳ್ಳುವುದು ಅವಮಾನವಲ್ಲ, ಕಲಿಕೆಯ ಆರಂಭ.

ವಸಂತ ಎಂಬ ಮಾತೇ ನಮ್ಮನ್ನು ಸ್ವಲ್ಪ ಮೋಸಗೊಳಿಸುತ್ತದೆ. ನಮ್ಮಲ್ಲಿ ವಸಂತವೆಂದರೆ ಮಾವು ಚಿಗುರುವ ಕಾಲ, ಹೊಂಗೆಯ ನೆರಳು, ಯುಗಾದಿಯ ಬೇವುಬೆಲ್ಲ. ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ ನಮ್ಮ ಬೆಟ್ಟಗಳ ಹುಲ್ಲು ಒಣಗಿ, ಕಾಳ್ಗಿಚ್ಚಿಗೆ ಹೆದರಬೇಕಾಗುತ್ತದೆ. ಹಿಮಾಲಯದಲ್ಲಿಯೂ ಆಗ ವಸಂತವೇ. ತಗ್ಗಿನ ಕಣಿವೆಗಳಲ್ಲಿ ಬುರಾಂಶವೆಂಬ ಮರಗಳು ಕೆಂಪಾಗಿ ಹೂ ತಳೆಯುತ್ತವೆ. ಆದರೆ ಅದೇ ದಿನ, ಅದೇ ಬೆಟ್ಟದ ಮೇಲ್ಭಾಗದಲ್ಲಿ ಚಳಿಗಾಲದ ಹಿಮವು ಆಳೆತ್ತರಕ್ಕೆ ನಿಂತಿರಬಹುದು. ಗಾಳಿಯು ಪ್ರತಿ 1,000 ಮೀಟರ್ ಎತ್ತರಕ್ಕೆ ಸುಮಾರು ಆರೂವರೆ ಡಿಗ್ರಿಯಂತೆ ತಣ್ಣಗಾಗುತ್ತ ಹೋಗುತ್ತದೆ. ಮೈಸೂರು ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ. ಈ ಊರಿನ ಮೇಲೆಯೇ 4,200 ಮೀಟರಿನ ಒಂದು ಬೆಟ್ಟ ನಿಂತಿದ್ದರೆ, ಅದರ ನೆತ್ತಿಯು ನಮ್ಮ ಬೀದಿಗಳಿಗಿಂತ ಇಪ್ಪತ್ತೆರಡು ಡಿಗ್ರಿಯಷ್ಟು ತಂಪಾಗಿರುತ್ತಿತ್ತು. ಹಿಮಾಲಯವಾದರೋ ಬಹುದೂರ ಉತ್ತರದಲ್ಲಿದೆ. ಅಲ್ಲಿಯ ನೆತ್ತಿಯಲ್ಲಿ ಮೇ ತಿಂಗಳ ರಾತ್ರಿಯಲ್ಲಿಯೂ ನೀರು ಹೆಪ್ಪುಗಟ್ಟುವುದು ಆಶ್ಚರ್ಯವಲ್ಲ.

ಇನ್ನು ಹಿಮವೆಂದರೇನು? ನಮ್ಮ ಮಕ್ಕಳು ಕ್ರಿಸ್ಮಸ್ ಹಬ್ಬದ ಕಾರ್ಡುಗಳಲ್ಲಿ ಅದನ್ನು ನೋಡಿರುತ್ತಾರೆ, ಹತ್ತಿಯನ್ನು ಹರಡಿ ಗೋದಲಿಯ ಮೇಲೆ ಅದನ್ನು ಅನುಕರಿಸಿರುತ್ತಾರೆ. ನಮ್ಮ ಆಡುಮಾತಿನಲ್ಲಿ ಮಂಜು ಎಂದರೆ ಮಾರ್ಗಶಿರದ ಬೆಳಗಿನಲ್ಲಿ ಕುಕ್ಕರಹಳ್ಳಿಯ ಕೆರೆಯ ಮೇಲೆ ಕವಿಯುವ ತೆಳುವಾದ ತೆರೆ. ಹಿಮವು ಅದಲ್ಲ. ಹಿಮವು ನೆಲದ ಮೇಲೆ ಬಿದ್ದು ಪದರ ಪದರವಾಗಿ ಕುಳಿತುಕೊಳ್ಳುವ ವಸ್ತು. ಬಿದ್ದ ದಿನ ಒಂದು ರೂಪ, ತಿಂಗಳು ಕಳೆದ ಮೇಲೆ ಇನ್ನೊಂದು ರೂಪ. ಹೊಸದಾಗಿ ಬಿದ್ದಾಗ ಅದು ಬಿಡಿಸಿದ ಅರಳೆಯಂತೆ ಹಗುರ. ವಸಂತಕಾಲದ ಹಳೆಯ ಹಿಮವಾದರೋ ಕಲ್ಲುಪ್ಪಿನಂತೆ ದಪ್ಪ ಹರಳು. ಅದು ಹೀಗಾಗುವ ಬಗೆಯನ್ನು ತಿಳಿದರೆ, ಉಳಿದುದೆಲ್ಲವೂ ತಾನಾಗಿ ತಿಳಿಯುತ್ತದೆ.

ಹಗಲಿನ ಬಿಸಿಲಿಗೆ ಹಿಮದ ಮೇಲ್ಭಾಗವು ಕರಗುತ್ತದೆ. ಆ ನೀರು ಹರಳುಗಳ ನಡುವೆ ಇಳಿಯುತ್ತದೆ. ರಾತ್ರಿ ಆಕಾಶವು ನಿರ್ಮಲವಾಗಿದ್ದರೆ, ಹಿಮವು ತನ್ನಲ್ಲಿರುವ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ನಡುವಿನ ನೀರು ಹೆಪ್ಪುಗಟ್ಟಿ ಹರಳುಗಳನ್ನೆಲ್ಲಾ ಒಂದಕ್ಕೊಂದು ಬೆಸೆಯುತ್ತದೆ. ಮಳೆಗಾಲದಲ್ಲಿ ಉಪ್ಪಿನ ಜಾಡಿಯಲ್ಲಿ ಹರಳುಗಳು ಒದ್ದೆಯಾಗಿ, ಆಮೇಲೆ ಒಣಗಿ ಗಟ್ಟಿಯಾದ ಹೆಂಟೆಯಾಗುವುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಬಗೆ ಹೆಚ್ಚುಕಡಮೆ ಅದೇ. ಹೀಗೆ ದಿನವೂ ಕರಗಿ, ರಾತ್ರಿಯೂ ಕಟ್ಟಿ, ವಸಂತದ ಹಿಮವು ಬೆಳಗಿನ ಜಾವದಲ್ಲಿ ಗಾರೆಯ ನೆಲದಂತೆ ಗಟ್ಟಿಯಾಗಿರುತ್ತದೆ. ಸೂರ್ಯೋದಯವಾಗಿ ಎರಡು ಮೂರು ಗಂಟೆಗಳಾದ ಮೇಲೆ ಮೇಲ್ಪದರವು ಹದವಾಗಿ ಮೆತ್ತಗಾಗಿ, ಪಾದವು ಒಳ್ಳೆಯ ಹಿಡಿತವನ್ನು ಪಡೆಯುತ್ತದೆ. ಮಧ್ಯಾಹ್ನದ ವೇಳೆಗೆ ಅದು ಕುಸಿಯುವ ಹಿಟ್ಟಿನಂತಾಗಿ, ಮೊಳಕಾಲಿನವರೆಗೆ, ಕೆಲವೆಡೆ ತೊಡೆಯವರೆಗೆ ಕಾಲು ಇಳಿಯುತ್ತದೆ. ದಾರಿ ಒಂದೇ, ಆದರೆ ಬೆಳಗಿನ ಆರು ಗಂಟೆಯ ದಾರಿ ಬೇರೆ, ಮಧ್ಯಾಹ್ನದ ಎರಡು ಗಂಟೆಯ ದಾರಿ ಬೇರೆ. ಹಿಮದ ಮೇಲೆ ನಡೆಯುವವಳಿಗೆ ನಕ್ಷೆಯಷ್ಟೇ ಗಡಿಯಾರವೂ ಅವಶ್ಯಕವೆಂದು ಬಲ್ಲವರು ಹೇಳುವುದು ಇದರಿಂದಲೇ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ರಾತ್ರಿ ಮೋಡ ಕವಿದಿದ್ದರೆ, ಆ ಮೋಡವು ಕಂಬಳಿಯಂತೆ ಹಿಮದ ಶಾಖವನ್ನು ಹೊರಹೋಗಗೊಡುವುದಿಲ್ಲ. ಆಗ ಹಿಮವು ಸರಿಯಾಗಿ ಕಟ್ಟುವುದಿಲ್ಲ. ಮುಂಜಾನೆಯೂ ಅದು ಮೆತ್ತಗೇ ಇರುತ್ತದೆ. ಆದುದರಿಂದ ಬೇಗ ಎದ್ದೆವೆಂಬ ಮಾತ್ರದಿಂದ ಕ್ಷೇಮವೆಂದು ತಿಳಿಯಬಾರದು. ರಾತ್ರಿ ನಕ್ಷತ್ರಗಳು ಕಂಡವೋ ಇಲ್ಲವೋ ಎಂಬುದನ್ನು ಕೇಳಬೇಕು. ಡೇರೆಯ ಹೊರಗೆ ಹಿಮವನ್ನು ತುಳಿದು ನೋಡಬೇಕು. ಅದು ಪಾದವನ್ನು ಹೊತ್ತರೆ ಹೊರಡಬೇಕು, ಹೊರದಿದ್ದರೆ ಮುಖ್ಯಸ್ಥರ ಮಾತನ್ನು ಕೇಳಬೇಕು.

ಒಂದು ದೃಷ್ಟಾಂತವನ್ನು ಕೊಟ್ಟರೆ ಈ ಮಾತು ಸ್ಪಷ್ಟವಾದೀತು. ಹಿಮಾಚಲಪ್ರದೇಶದ ಕುಲ್ಲು ಜಿಲ್ಲೆಯಲ್ಲಿ ಪಾರ್ವತೀ ನದಿಯ ಕಣಿವೆಯಿದೆ. ಅಲ್ಲಿಯ ಕಸೋಲ್ ಎಂಬ ಊರಿನಿಂದ ಹೊರಟು, ಗ್ರಹಣ್ ಎಂಬ ಹಳ್ಳಿಯ ಮೇಲೆ ಹಾದು, ಸಾರ್ ಪಾಸ್ ಎಂಬ ಘಾಟಿಯನ್ನು ದಾಟಿ ಬರುವ ಹಾದಿಯು ಕನ್ನಡಿಗ ತರುಣ ತರುಣಿಯರಿಗೆ ಬಹಳ ಪರಿಚಿತವಾದುದು. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಸಂಸ್ಥೆಯು ಬೇಸಗೆಯಲ್ಲಿ ಅಲ್ಲಿಗೆ ತಂಡಗಳನ್ನು ಕಳುಹಿಸುತ್ತ ಬಂದಿದೆ. ಕಸೋಲ್ ಇರುವುದು ಸುಮಾರು 1,600 ಮೀಟರ್ ಎತ್ತರದಲ್ಲಿ. ಘಾಟಿಯು ಸುಮಾರು 4,200 ಮೀಟರ್, ಎಂದರೆ 13,800 ಅಡಿ. ಮೊದಲ ದಿನಗಳಲ್ಲಿ ದೇವದಾರು ಮರಗಳ ಕಾಡು, ಆಮೇಲೆ ಹುಲ್ಲುಗಾವಲು. ಸುಮಾರು 12,500 ಅಡಿಯಲ್ಲಿರುವ ನಗಾರು ಎಂಬ ಬಿಡಾರವನ್ನು ಮುಟ್ಟುವ ಹೊತ್ತಿಗೆ ಗಾಳಿ ಬಲವಾಗಿರುತ್ತದೆ, ಮೇ ತಿಂಗಳಲ್ಲಿಯೂ ಸುತ್ತಲೂ ಹಿಮವಿರುವುದುಂಟು. ಆ ಬಿಡಾರದಿಂದ ತಂಡಗಳನ್ನು ಹಗಲಾಗುವ ಮೊದಲೇ, ಕತ್ತಲೆಯಲ್ಲಿಯೇ, ದೀಪಗಳ ಬೆಳಕಿನಲ್ಲಿ ಹೊರಡಿಸುತ್ತಾರೆ. ಹೊಸಬರು, "ಇಷ್ಟು ಚಳಿಯಲ್ಲಿ ಈ ಅವಸರವೇಕೆ?" ಎಂದು ಗೊಣಗುವುದು ಸಹಜ. ಅವಸರಕ್ಕೆ ಕಾರಣ ನಾವು ಮೇಲೆ ಹೇಳಿದುದೇ. ಹಿಮವು ಗಟ್ಟಿಯಾಗಿರುವಾಗಲೇ ಇಳುಕಲುಗಳನ್ನು ದಾಟಿ, ಮಧ್ಯಾಹ್ನದ ಮೋಡಗಳು ಕೂಡುವುದಕ್ಕೆ ಮುಂಚೆಯೇ ಘಾಟಿಯ ಆಚೆಗೆ ಇಳಿದುಬಿಡಬೇಕು.

ಈಗ ಏಣುದಾರಿಯ ವಿಷಯ. ಎರಡು ಇಳುಕಲುಗಳು ಕೂಡುವ ಬೆಟ್ಟದ ಬೆನ್ನನ್ನು ಏಣು ಎನ್ನುತ್ತೇವೆ. ಹಿಮವಿರುವ ಬೆಟ್ಟದಲ್ಲಿ ಏಣಿನ ಮೇಲಣ ದಾರಿಯು ಹಲವು ವೇಳೆ ಇಳುಕಲಿನ ದಾರಿಗಿಂತ ಕ್ಷೇಮ. ಏಕೆಂದರೆ ಮೇಲಿನಿಂದ ಜಾರಿ ಬೀಳಲು ಅಲ್ಲಿ ಮೇಲೆ ಏನೂ ಇರುವುದಿಲ್ಲ. ಆದರೆ ಏಣಿಗೂ ತನ್ನದೇ ಆದ ಕಪಟವುಂಟು. ಚಳಿಗಾಲವೆಲ್ಲಾ ಗಾಳಿಯು ಒಂದೇ ಕಡೆಯಿಂದ ಬೀಸುತ್ತ ಹಿಮವನ್ನು ತೂರಿಕೊಂಡು ಹೋಗಿ ಏಣಿನ ಮರೆಯ ಪಕ್ಕದಲ್ಲಿ ಕೂಡಿಸುತ್ತದೆ. ಅದು ಬೆಳೆದು ಬೆಳೆದು, ನಮ್ಮ ಹೆಂಚಿನ ಮನೆಯ ಸೂರಿನಂತೆ ಗೋಡೆಯಿಂದಾಚೆಗೆ ಚಾಚಿಕೊಳ್ಳುತ್ತದೆ. ಮೇಲಿನಿಂದ ನೋಡುವವರಿಗೆ ಅದು ಅಗಲವಾದ, ಸಮತಟ್ಟಾದ, ನಡೆಯಲು ಯೋಗ್ಯವಾದ ನೆಲದಂತೆ ತೋರುತ್ತದೆ. ಕೆಳಗೆ ನೆಲವೇ ಇಲ್ಲ. ವಸಂತದ ಬಿಸಿಲಿಗೆ ಈ ಸೂರುಗಳು ಸಡಿಲವಾಗಿ ಮುರಿಯುತ್ತವೆ. ಮುರಿಯುವಾಗ ತುದಿಯಲ್ಲಿ ಮಾತ್ರ ಮುರಿಯದೆ, ಎಣಿಸಿದುದಕ್ಕಿಂತ ಬಹಳ ಹಿಂದಿನಿಂದ ಬಿರುಕು ಬಿಡುವುದುಂಟು. ಆದುದರಿಂದ ಏಣಿನ ತುದಿಯಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವ ಆಸೆಯನ್ನು ನಮ್ಮ ಹುಡುಗಿಯರು ಮೊದಲು ಬಿಡಬೇಕು. ಗಾಳಿ ಬೀಸಿ ಬರುವ ಪಕ್ಕದಲ್ಲಿ, ಮಾರ್ಗದರ್ಶಕನ ಹೆಜ್ಜೆಯ ಗುರುತಿನಲ್ಲಿಯೇ ನಡೆಯಬೇಕು.

ಇಳುಕಲುಗಳಲ್ಲಿ ಹಿಮಕುಸಿತದ ಭಯವಿದೆ. ಬಹು ಚಪ್ಪಟೆಯಾದ ನೆಲದಲ್ಲಿ ಹಿಮವು ಜಾರುವುದಿಲ್ಲ. ಬಹು ಕಡಿದಾದ ಗೋಡೆಯ ಮೇಲೆ ಅದು ನಿಲ್ಲುವುದೇ ಇಲ್ಲ. ನಡುವೆ, ಸುಮಾರು 30ರಿಂದ 45 ಡಿಗ್ರಿ ಓರೆಯುಳ್ಳ ಇಳುಕಲುಗಳೇ ಹೆಚ್ಚು ಅಪಾಯಕರ. ನಡೆಯುವವರಿಗೆ ಅವು ಅಷ್ಟೇನೂ ಭಯಂಕರವಾಗಿ ಕಾಣುವುದಿಲ್ಲವೆಂಬುದೇ ಕಷ್ಟ. ವಸಂತದಲ್ಲಿ ಎರಡು ಸಮಯಗಳಲ್ಲಿ ಎಚ್ಚರವಿರಬೇಕು. ಒಂದು, ಹಳೆಯ ಗಟ್ಟಿ ಪದರದ ಮೇಲೆ ಹೊಸ ಹಿಮವು ದಪ್ಪನಾಗಿ ಬಿದ್ದ ಮಾರನೆಯ ದಿನ. ನುಣುಪಾದ ಹಲಗೆಯ ಮೇಲೆ ಹಿಟ್ಟು ಸುರಿದಂತೆ ಅದು ಹಿಡಿತವಿಲ್ಲದೆ ಕುಳಿತಿರುತ್ತದೆ. ಎರಡು, ಬಿಸಿಲೇರಿದ ಮಧ್ಯಾಹ್ನ. ಕರಗಿದ ನೀರು ಪದರಗಳ ನಡುವೆ ಇಳಿದು ಬೆಸುಗೆಯನ್ನು ಬಿಡಿಸುತ್ತದೆ. 2022ನೆಯ ಇಸವಿ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದೀ ಕಾ ಡಾಂಡಾ ಎಂಬ ಶಿಖರದಲ್ಲಿ, ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಶಿಕ್ಷಣಾರ್ಥಿಗಳೂ ಶಿಕ್ಷಕರೂ ಇದ್ದ ತಂಡದ ಮೇಲೆ ಹಿಮಕುಸಿತವಾಗಿ ಇಪ್ಪತ್ತೈದಕ್ಕಿಂತಲೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಶಿಕ್ಷಣ ಪಡೆಯುತ್ತಿದ್ದವರಿಗೇ ಹೀಗಾಯಿತೆಂದ ಮೇಲೆ, ಇಳುಕಲನ್ನು ದಾಟುವಾಗ ಒಬ್ಬೊಬ್ಬರಾಗಿ, ನಡುವೆ ಅಂತರವನ್ನು ಬಿಟ್ಟು, ಹರಟದೆ, ನಿಲ್ಲದೆ ದಾಟಬೇಕೆಂದು ಮಾರ್ಗದರ್ಶಕನು ಹೇಳಿದರೆ ಅದನ್ನು ಗದರಿಕೆಯೆಂದು ಎಣಿಸಬಾರದು.

ಗಟ್ಟಿ ಹಿಮದ ಮೇಲೆ ಜಾರುವುದು ಮತ್ತೊಂದು ಅಪಾಯ. ಬೆಳಗಿನ ಜಾವದ ಗಾರೆಯಂಥ ಹಿಮದಲ್ಲಿ ಬಿದ್ದವಳು ತಾನಾಗಿ ನಿಲ್ಲುವುದು ದುರ್ಲಭ. ಆದುದರಿಂದ ಬೂಟಿನ ಅಡಿಗೆ ಕಟ್ಟುವ ಉಕ್ಕಿನ ಮುಳ್ಳುಗಳನ್ನೂ ಕೈಯಲ್ಲಿ ಊರುಗೋಲನ್ನೂ ಉಪಯೋಗಿಸುತ್ತಾರೆ. ಹೆಚ್ಚು ಓರೆಯುಳ್ಳ ಕಡೆಗಳಲ್ಲಿ ಹಿಮಗೊಡಲಿಯೇ ಬೇಕು, ಅದನ್ನು ಹಿಡಿಯುವ ಕ್ರಮವನ್ನು ಮೊದಲೇ ಅಭ್ಯಾಸ ಮಾಡಿರಬೇಕು. ಸಾರ್ ಪಾಸಿನ ಆಚೆಯ ಬದಿಯಲ್ಲಿ ಹಿಮದ ಮೇಲೆ ಕುಳಿತು ಜಾರಿ ಇಳಿಯುವುದು ತರುಣರಿಗೆ ಬಹು ಇಷ್ಟವಾದ ವಿನೋದ. ಮಾರ್ಗದರ್ಶಕನು ಪರೀಕ್ಷಿಸಿ ತೋರಿಸಿದ ಜಾಡಿನಲ್ಲಿ, ಬೂಟಿನ ಮುಳ್ಳುಗಳನ್ನು ಬಿಚ್ಚಿಟ್ಟು, ಸರದಿಯ ಮೇಲೆ ಜಾರಿದರೆ ಅದು ವಿನೋದ. ತಾನೇ ಆರಿಸಿಕೊಂಡ ಜಾಡಿನಲ್ಲಿ ಜಾರಿದರೆ, ಕೆಳಗೆ ಬಂಡೆಯಿದೆಯೋ ಹಳ್ಳವಿದೆಯೋ ಬಲ್ಲವರಾರು?

ಹಳ್ಳಗಳ ಮಾತು ಬಂದುದರಿಂದ ಅದನ್ನೂ ಹೇಳಿಬಿಡುತ್ತೇವೆ. ವಸಂತದಲ್ಲಿ ತೊರೆಗಳು ಹಿಮದ ಕೆಳಗೆ ಹರಿಯತೊಡಗುತ್ತವೆ. ನೀರು ಕೆಳಗಿನಿಂದ ಹಿಮವನ್ನು ಕೊರೆದು, ಮೇಲೆ ತೆಳುವಾದ ಸೇತುವೆಯನ್ನು ಮಾತ್ರ ಉಳಿಸಿರುತ್ತದೆ. ಬೆಳಿಗ್ಗೆ ಹತ್ತು ಜನರನ್ನು ಹೊತ್ತ ಸೇತುವೆಯು ಮಧ್ಯಾಹ್ನ ಒಬ್ಬಳನ್ನು ಹೊರದೆ ಇರಬಹುದು. ಕಾಲ ಕೆಳಗೆ ನೀರಿನ ಸದ್ದು ಕೇಳಿದರೆ ಅಲ್ಲಿಯೇ ನಿಂತು, ಕೋಲಿನಿಂದ ತಿವಿದು ನೋಡಬೇಕು. ಅಂತೆಯೇ, ಹಿಮದಿಂದ ತಲೆಯೆತ್ತಿದ ಕರಿಯ ಬಂಡೆಗಳು ಬಿಸಿಲನ್ನು ಹೀರಿ ತಮ್ಮ ಸುತ್ತಲಿನ ಹಿಮವನ್ನು ಒಳಗೊಳಗೇ ಕರಗಿಸಿರುತ್ತವೆ. ಬಂಡೆಯ ಪಕ್ಕದಲ್ಲಿ ಕುಳಿತು ದಣಿವಾರಿಸಿಕೊಳ್ಳಲು ಹೋದವರ ಕಾಲು ಸೊಂಟದವರೆಗೆ ಇಳಿದು ಮುರಿದ ಉದಾಹರಣೆಗಳುಂಟು.

ತೆಳುವಾದ ಗಾಳಿಯು ಕಣ್ಣಿಗೆ ಕಾಣದ ಅಪಾಯ. ಸಮುದ್ರತೀರದ ಗಾಳಿಯ ಒತ್ತಡವನ್ನು 100 ಎಂದಿಟ್ಟುಕೊಂಡರೆ, ಮೈಸೂರಿನಲ್ಲಿ ಅದು ಸುಮಾರು 91. 4,200 ಮೀಟರಿನಲ್ಲಿ ಸುಮಾರು 60 ಮಾತ್ರ. ಒಂದೊಂದು ಉಸಿರಿಗೂ ಸಿಗುವ ಪ್ರಾಣವಾಯು ಅದೇ ಪ್ರಮಾಣದಲ್ಲಿ ಕಡಮೆಯಾಗುತ್ತದೆ. ಅಲ್ಲಿ ನೀರು ಸುಮಾರು 86 ಡಿಗ್ರಿಯಲ್ಲಿಯೇ ಕುದಿಯುವುದರಿಂದ ಬೇಳೆಯು ತೆರೆದ ಪಾತ್ರೆಯಲ್ಲಿ ಸುಲಭವಾಗಿ ಬೇಯುವುದಿಲ್ಲ. ಬೇಳೆಗೇ ಕಷ್ಟವಾಗುವ ಜಾಗದಲ್ಲಿ ದೇಹಕ್ಕೆ ಕಷ್ಟವಾಗದೇ? ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ನಿದ್ರೆ ಬಾರದಿರುವುದು, ಇವು ಮೊದಲ ಲಕ್ಷಣಗಳು. ಇದು ಬಲಹೀನರಿಗೆ ಮಾತ್ರ ಬರುವ ರೋಗವಲ್ಲ. ಓಟದಲ್ಲಿ ಬಹುಮಾನ ಪಡೆದವಳಿಗೂ ಬರುತ್ತದೆ, ವೇಗವಾಗಿ ಏರುವವಳಿಗೆ ಬೇಗ ಬರುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಬಿಡಾರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂದೂ, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ವಿಶ್ರಾಂತಿ ಬೇಕೆಂದೂ ವೈದ್ಯರು ಹೇಳುತ್ತಾರೆ. ವಿಶ್ರಾಂತಿಯಲ್ಲಿರುವಾಗಲೂ ಏದುಸಿರು, ಕೆಮ್ಮು, ತೂರಾಡುವ ನಡೆ, ತೊದಲುವ ಮಾತು ಕಾಣಿಸಿದರೆ, ಶ್ವಾಸಕೋಶದಲ್ಲಿಯೋ ಮಿದುಳಿನಲ್ಲಿಯೋ ನೀರು ಸೇರುತ್ತಿದೆಯೆಂದು ತಿಳಿದು, ರಾತ್ರಿಯೇ ಆದರೂ ಒಡನೆ ಕೆಳಕ್ಕೆ ಇಳಿಸಬೇಕು. ಇಳಿಯುವುದೇ ಅದಕ್ಕೆ ಮುಖ್ಯವಾದ ಚಿಕಿತ್ಸೆ. ನಮ್ಮ ಹೆಣ್ಣುಮಕ್ಕಳಲ್ಲಿ ಒಂದು ಗುಣವಿದೆ. ಇತರರಿಗೆ ತೊಂದರೆಯಾದೀತೆಂದು ತಮ್ಮ ನೋವನ್ನು ನುಂಗಿಕೊಳ್ಳುವುದು. ಮನೆಯಲ್ಲಿ ಇದನ್ನು ತಾಳ್ಮೆಯೆಂದು ಹೊಗಳುತ್ತೇವೆ. ಬೆಟ್ಟದಲ್ಲಿ ಅದೇ ಗುಣವು ಪ್ರಾಣಕ್ಕೆ ಎರವಾಗುತ್ತದೆ. "ನನಗೆ ತಲೆನೋಯುತ್ತಿದೆ" ಎಂದು ನಾಚದೆ ಹೇಳುವುದೂ ಪರ್ವತವಿದ್ಯೆಯ ಒಂದು ಅಂಗ.

ಬಿಸಿಲನ್ನೂ ಕಡೆಗಣಿಸಬಾರದು. ಹೊಸ ಹಿಮವು ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ನೂರಕ್ಕೆ 80ರಷ್ಟನ್ನು ಹಿಂದಿರುಗಿಸಬಲ್ಲುದು. ಎತ್ತರ ಹೆಚ್ಚಿದಂತೆ ಆ ಕಿರಣಗಳ ಬಲವೂ ಪ್ರತಿ 1,000 ಮೀಟರಿಗೆ ನೂರಕ್ಕೆ 10ರಷ್ಟು ಹೆಚ್ಚುತ್ತದೆ. ಕಪ್ಪು ಕನ್ನಡಕವಿಲ್ಲದೆ ಕೆಲವು ಗಂಟೆಗಳ ಕಾಲ ನಡೆದವಳ ಕಣ್ಣುಗಳು ಅಂದಿನ ಸಂಜೆ ಮರಳು ತುಂಬಿದಂತೆ ಉರಿದು, ತೆರೆಯಲಾಗದೆ ಹೋಗುತ್ತವೆ. ಇದನ್ನು ಹಿಮಗುರುಡು ಎನ್ನುತ್ತಾರೆ. ಮೋಡ ಕವಿದ ದಿನದಲ್ಲಿಯೂ ಇದು ಸಂಭವಿಸುವುದರಿಂದ, ಬಿಸಿಲಿಲ್ಲವೆಂದು ಕನ್ನಡಕವನ್ನು ತೆಗೆಯಬಾರದು.

ಇಷ್ಟೆಲ್ಲಾ ಎಚ್ಚರಗಳಿಗೂ ಮೇಲೆ ನಿಲ್ಲುವುದು ಹವೆ. ಚಳಿಗಾಲದಿಂದ ಮೇ ತಿಂಗಳವರೆಗೆ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟ ಗಾಳಿಯ ಕ್ಷೋಭೆಗಳು ಒಂದರ ಹಿಂದೊಂದಾಗಿ ಹಿಮಾಲಯಕ್ಕೆ ಬಂದು ಬಡಿಯುತ್ತವೆ. ತಗ್ಗಿನಲ್ಲಿ ಮಳೆಯನ್ನೂ ಮೇಲೆ ಹಿಮವನ್ನೂ ಸುರಿಸುತ್ತವೆ. ಅಲ್ಲದೆ, ಹಗಲಿನ ಶಾಖದಿಂದ ಮಧ್ಯಾಹ್ನದ ವೇಳೆಗೆ ಗುಡುಗಿನ ಮೋಡಗಳು ಏಳುವುದು ಅಲ್ಲಿಯ ನಿತ್ಯದ ವರ್ತನೆ. ಬಿರುಗಾಳಿಯೂ ಹಿಮವೂ ಕೂಡಿ ಬಂದಾಗ ಆಕಾಶಕ್ಕೂ ನೆಲಕ್ಕೂ ಭೇದ ತೋರದೆ, ಎದುರಿನ ಹತ್ತು ಹೆಜ್ಜೆ ಕಾಣದಂಥ ಬಿಳಿಯ ಕತ್ತಲೆ ಕವಿಯುತ್ತದೆ. ಗಾಳಿಯಿಲ್ಲದ ಸೊನ್ನೆ ಡಿಗ್ರಿಯ ಚಳಿಯನ್ನು ಸಹಿಸಬಹುದು. ಅದೇ ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ಚರ್ಮಕ್ಕೆ ಅದು ಸೊನ್ನೆಗಿಂತ ಏಳು ಡಿಗ್ರಿ ಕೆಳಗಿನ ಚಳಿಯಂತೆ ತಾಗುತ್ತದೆ. ಬಟ್ಟೆ ಒದ್ದೆಯಾಗಿದ್ದರಂತೂ ಹೇಳತೀರದು.

ಈ ಮಾತಿಗೆ ನಮ್ಮ ನಾಡಿನವರೇ ತೆತ್ತ ಬೆಲೆಯನ್ನು ಹೇಳದೆ ಮುಂದೆ ಹೋಗುವುದು ಸಲ್ಲದು. 2024ನೆಯ ಇಸವಿಯ ಜೂನ್ ತಿಂಗಳ ಮೊದಲ ವಾರದಲ್ಲಿ, ಉತ್ತರಾಖಂಡದ ಉತ್ತರಕಾಶಿ ಮತ್ತು ಟೆಹರಿ ಜಿಲ್ಲೆಗಳ ಎಲ್ಲೆಯಲ್ಲಿರುವ ಸಹಸ್ರತಾಲ್ ಎಂಬ ಸರೋವರಗಳ ಯಾತ್ರೆಗೆ ಹೋಗಿದ್ದ, ಬಹುಪಾಲು ಕರ್ಣಾಟಕದವರೇ ಇದ್ದ 22 ಜನರ ತಂಡವೊಂದು, 4,000 ಮೀಟರಿಗೂ ಮೇಲಿನ ಆ ಎತ್ತರದಿಂದ ಹಿಂದಿರುಗುವಾಗ ಹಿಮದ ಬಿರುಗಾಳಿಗೆ ಸಿಕ್ಕಿಕೊಂಡಿತು. ದಾರಿ ಕಾಣಲಿಲ್ಲ, ರಾತ್ರಿಯನ್ನು ಬಯಲಿನಲ್ಲಿಯೇ ಕಳೆಯಬೇಕಾಯಿತು. ಒಂಬತ್ತು ಮಂದಿ ಚಳಿಗೆ ಬಲಿಯಾದರು. ಉಳಿದ ಹದಿಮೂರು ಮಂದಿಯನ್ನು ರಾಜ್ಯದ ವಿಪತ್ತು ಪರಿಹಾರದಳದವರೂ ವಾಯುಸೇನೆಯ ಹೆಲಿಕಾಪ್ಟರುಗಳೂ ಸೇರಿ ಕಾಪಾಡಿ ತಂದರು. ಹೋದವರಲ್ಲಿ ಅನೇಕರು ಬೆಟ್ಟಗಳನ್ನು ಬಲ್ಲವರೇ ಆಗಿದ್ದರು. ಯಾರು ತಪ್ಪಿದರು ಎಂದು ಇಲ್ಲಿ ಕುಳಿತು ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಆ ಕುಟುಂಬಗಳ ದುಃಖಕ್ಕೆ ತಲೆಬಾಗಿ, ಕಲಿಯಬೇಕಾದುದನ್ನು ಕಲಿಯುವುದು ನಮ್ಮ ಕೆಲಸ. ಜೂನ್ ತಿಂಗಳು ಬಂದಿತೆಂದು ಹಿಮದ ಬಿರುಗಾಳಿ ಬಾರದೆ ಇರುವುದಿಲ್ಲ ಎಂಬುದು ಮೊದಲನೆಯ ಪಾಠ. ತಲುಪಬೇಕಾದ ಜಾಗವನ್ನು ತಲುಪಿದಾಗ ಯಾತ್ರೆಯು ಅರ್ಧ ಮಾತ್ರ ಮುಗಿದಿರುತ್ತದೆ ಎಂಬುದು ಎರಡನೆಯ ಪಾಠ. ಬಿಡಾರದಿಂದ ಹಗಲಿನ ಮಟ್ಟಿಗೆ ಹೊರಟರೂ, ಒಂದು ರಾತ್ರಿಯನ್ನು ಬಯಲಿನಲ್ಲಿ ಕಳೆಯಬೇಕಾಗಿ ಬಂದರೆ ಬೆಚ್ಚಗಿರಲು ಬೇಕಾದುದು ಬೆನ್ನಮೇಲೆ ಇರಬೇಕೆಂಬುದು ಮೂರನೆಯ ಪಾಠ.

ಉಡುಪಿನ ವಿಚಾರದಲ್ಲಿ ನಮ್ಮ ಊರಿನ ಅಭ್ಯಾಸವನ್ನು ಮರೆಯಬೇಕಾಗುತ್ತದೆ. ಹತ್ತಿಯ ಬಟ್ಟೆ ನಮಗೆ ಪ್ರಿಯ. ಅದು ಬೆವರನ್ನು ಹೀರಿ, ಆ ತೇವವು ಆರುವಾಗ ಮೈಯನ್ನು ತಂಪುಮಾಡುತ್ತದೆ. ಮೈಸೂರಿನ ಬೇಸಗೆಯಲ್ಲಿ ಉಪಕಾರ ಮಾಡುವ ಈ ಗುಣವೇ ಹಿಮದಲ್ಲಿ ಅಪಕಾರಿ. ಒದ್ದೆ ಹತ್ತಿಯು ಮೈಯ ಶಾಖವನ್ನು ಬಿಡದೆ ಸೆಳೆಯುತ್ತದೆ. ಅಲ್ಲಿ ಉಣ್ಣೆ ಅಥವಾ ಬೇಗ ಒಣಗುವ ಕೃತಕ ನೂಲಿನ ಬಟ್ಟೆಗಳನ್ನು ಒಂದರ ಮೇಲೊಂದಾಗಿ ತೊಡಬೇಕು. ಹೊರಗಡೆಗೆ ಗಾಳಿಯನ್ನೂ ನೀರನ್ನೂ ತಡೆಯುವ ಅಂಗಿಯಿರಬೇಕು. ಎರಡು ಜೊತೆ ಕೈಚೀಲ, ಹೆಚ್ಚಿನ ಕಾಲುಚೀಲ, ಕಿವಿ ಮುಚ್ಚುವ ಟೋಪಿ, ತಲೆಗೆ ಕಟ್ಟುವ ದೀಪ, ಇವನ್ನು ಎಂದಿಗೂ ಮರೆಯಬಾರದು. ತಿನ್ನಲು ಕಡಲೆಕಾಯಿ ಚಿಕ್ಕಿ, ಹುರಿಗಡಲೆ, ಬೆಲ್ಲ, ಕೊಬ್ಬರಿ ಇವುಗಳಷ್ಟು ಒಳ್ಳೆಯದು ಬೇರೊಂದಿಲ್ಲ. ಬಾಯಾರಿದರೆ ಹಿಮವನ್ನು ತಿನ್ನದೆ, ಬೆಚ್ಚನೆಯ ನೀರನ್ನು ಆಗಾಗ್ಗೆ ಕುಡಿಯಬೇಕು.

ಪೂರ್ವಸಿದ್ಧತೆಯನ್ನು ಮೈಸೂರಿನಲ್ಲಿಯೇ ಮಾಡಬಹುದು. ಹೊರಡುವುದಕ್ಕೆ ಎರಡು ಮೂರು ತಿಂಗಳ ಮುಂಚಿನಿಂದ ವಾರಕ್ಕೆ ಮೂರು ಸಲ ಬೆಳಗಿನ ಜಾವದಲ್ಲಿ ಚಾಮುಂಡಿಬೆಟ್ಟದ ಮೆಟ್ಟಿಲುಗಳನ್ನು ಹತ್ತಿಳಿಯಬೇಕು. ಕ್ರಮೇಣ ಬೆನ್ನಿಗೆ ಭಾರವನ್ನು ಹಾಕಿಕೊಳ್ಳಬೇಕು. ಹೊಸ ಬೂಟುಗಳನ್ನು ಆ ಮೆಟ್ಟಿಲುಗಳ ಮೇಲೆಯೇ ಪಳಗಿಸಬೇಕು. ಹೀಗೆ ಪಳಗಿದ ಕಾಲುಗಳು ಎತ್ತರದ ಕಾಯಿಲೆಯನ್ನು ತಡೆಯಲಾರವಾದರೂ, ದಣಿದವಳು ಮಾಡುವ ತಪ್ಪುಗಳನ್ನು ಬಹಳಮಟ್ಟಿಗೆ ತಡೆಯುತ್ತವೆ.

ಪೋಷಕರು ಹಣ ಕಟ್ಟುವ ಮೊದಲು ಯಾತ್ರೆ ನಡೆಸುವವರನ್ನು ಕೆಲವು ಪ್ರಶ್ನೆಗಳನ್ನು ಕೇಳತಕ್ಕದ್ದು. ಮಾರ್ಗದರ್ಶಕರು ಎಷ್ಟು ಜನ, ಅವರಲ್ಲಿ ಪ್ರಥಮಚಿಕಿತ್ಸೆಯನ್ನು ಕಲಿತವರು ಯಾರು? ಪ್ರಾಣವಾಯುವಿನ ಸಿಲಿಂಡರು ಎಲ್ಲಿಯವರೆಗೆ ಬರುತ್ತದೆ? ಹವೆ ಕೆಟ್ಟರೆ ಕಾಯಲು ಒಂದು ದಿನವನ್ನು ಹೆಚ್ಚಾಗಿ ಇಟ್ಟಿದ್ದಾರೆಯೇ? ಫೋನ್ ಸಿಗದ ಎತ್ತರದಲ್ಲಿ ಸುದ್ದಿ ತಲುಪಿಸುವ ಬಗೆ ಹೇಗೆ? ಸರಕಾರದ ಅನುಮತಿ ಇದೆಯೇ? ಸಿಮ್ಲಾ ಮತ್ತು ಡೆಹ್ರಾಡೂನ್‌ಗಳಲ್ಲಿರುವ ಹವಾಮಾನ ಕೇಂದ್ರಗಳ ಮುನ್ಸೂಚನೆಯನ್ನು ದಿನವೂ ನೋಡುತ್ತಾರೆಯೇ? ಎಲ್ಲಕ್ಕಿಂತ ಮಿಗಿಲಾಗಿ, ಯಾವ ಗಂಟೆಯಾದರೆ ಎಲ್ಲಿದ್ದರೂ ಹಿಂದಿರುಗಬೇಕೆಂಬ ನಿಯಮವನ್ನು ಮೊದಲೇ ಗೊತ್ತುಮಾಡಿಕೊಂಡಿದ್ದಾರೆಯೇ? ಈ ಕಡೆಯ ಪ್ರಶ್ನೆಗೆ ನಕ್ಕು ಮಾತು ಹಾರಿಸುವವರೊಡನೆ ಮಗಳನ್ನು ಕಳುಹಿಸಬೇಡಿ.

ಮಗಳನ್ನು ಹಿಂದಿರುಗುವಂತೆ ಸಿದ್ಧಗೊಳಿಸುವುದು ತಾಯಿತಂದೆಗಳ ಕೈಯಲ್ಲಿಯೂ ಇದೆ. ಇಷ್ಟು ಹಣ ಖರ್ಚಾಯಿತು, ರಜೆ ಮುಗಿಯಿತು, ಗೆಳತಿಯರು ನಗುತ್ತಾರೆ ಎಂಬ ಹಂಗುಗಳೇ ಹಲವು ವೇಳೆ ಕಾಲನ್ನು ಮುಂದಕ್ಕೆ ತಳ್ಳುತ್ತವೆ. "ಶಿಖರವನ್ನು ಮುಟ್ಟದೆ ಬಂದರೂ ನಮಗೆ ಸಂತೋಷವೇ" ಎಂಬ ಒಂದು ಮಾತನ್ನು ಹೊರಡುವ ದಿನ ಮಗಳಿಗೆ ಹೇಳಿ ಕಳುಹಿಸಿದರೆ, ಅದು ಉಣ್ಣೆಯ ಅಂಗಿಗಿಂತಲೂ ಬೆಚ್ಚಗೆ ಅವಳನ್ನು ಕಾಯುತ್ತದೆ.

ಇದನ್ನೆಲ್ಲಾ ಓದಿ ಯಾರಾದರೂ, "ಹಾಗಾದರೆ ಹೋಗದಿರುವುದೇ ಲೇಸು" ಎಂದುಕೊಂಡರೆ ನಮ್ಮ ಉದ್ದೇಶವು ಕೆಟ್ಟಂತೆ. 1984ನೆಯ ಇಸವಿ ಮೇ 23ರಂದು ಎವರೆಸ್ಟ್ ಶಿಖರವನ್ನೇರಿದ ಮೊದಲನೆಯ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ಅವರು ಉತ್ತರಕಾಶಿಯ ಬಳಿಯ ಹಳ್ಳಿಯೊಂದರಲ್ಲಿ ಹುಟ್ಟಿ, ಎಂ.ಎ. ಪದವಿಯನ್ನೂ ಉಪಾಧ್ಯಾಯರ ತರಬೇತಿಯಾದ ಬಿ.ಎಡ್. ಪದವಿಯನ್ನೂ ಪಡೆದವರು, ಆಮೇಲೆ ಉತ್ತರಕಾಶಿಯ ನೆಹರೂ ಸಂಸ್ಥೆಯಲ್ಲಿ ಪರ್ವತಾರೋಹಣವನ್ನು ಕ್ರಮವಾಗಿ ಕಲಿತರು. ಶಿಖರವನ್ನೇರುವ ಕೆಲವು ದಿನಗಳ ಮುಂಚೆ ಅವರ ಬಿಡಾರದ ಮೇಲೆ ಹಿಮಕುಸಿತವಾಗಿ, ಅವರು ಪೆಟ್ಟುತಿಂದೂ ಧೈರ್ಯಗೆಡದೆ ಮುಂದುವರಿದರು. ಅವರ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ; ಆ ಧೈರ್ಯದ ಹಿಂದೆ ವರುಷಗಳ ಕಲಿಕೆಯಿತ್ತೆಂಬುದನ್ನು ನಾವು ಉಪಾಧ್ಯಾಯಿನಿಯರು ನೆನಪುಮಾಡಿಕೊಡಬೇಕಾಗಿದೆ.

ನಮ್ಮ ಹುಡುಗಿಯರು ಹೋಗಲಿ. ಸೃಷ್ಟಿಕರ್ತನು ಆ ಎತ್ತರಗಳನ್ನು ಗಂಡಸರ ಕಣ್ಣಿಗೆಂದು ಮಾತ್ರ ಎತ್ತಿ ನಿಲ್ಲಿಸಲಿಲ್ಲ. ಆದರೆ ಹೋಗುವವಳು ರಾತ್ರಿಯ ನಕ್ಷತ್ರಗಳನ್ನು ನೋಡಿ, ಬೆಳಗಿನ ಹಿಮವನ್ನು ತುಳಿದು ಪರೀಕ್ಷಿಸಿ, ಗಡಿಯಾರವನ್ನು ಮರೆಯದೆ, ಹೇಳಿದ ಗಂಟೆಗೆ ಹಿಂದಿರುಗುವವಳಾಗಿರಲಿ. ಬೆಟ್ಟವು ಎಲ್ಲಿಗೂ ಹೋಗುವುದಿಲ್ಲ. ಬರುವ ವರ್ಷವೂ ಅಲ್ಲಿಯೇ ಇರುತ್ತದೆ. ನಮ್ಮ ಮಕ್ಕಳೂ ಇರಬೇಕಲ್ಲವೇ?